ಚಾತುರ್ಮಾಸದ ಅಡುಗೆ: ಕೆಂಚನಗುಡ್ಡ, ಸಿರುಗುಪ್ಪ ಭಾಗದ ಮನೆಗಳಿಗೆ

ತುಂಗಭದ್ರೆಯ ದಂಡೆಯ ಕೆಂಚನಗುಡ್ಡದ ಸುತ್ತ ನೀರಾವರಿ ಭತ್ತವೂ ಎರೆಹೊಲದ ಜೋಳವೂ ಬೆಳೆಯುವುದರಿಂದ ಚಾತುರ್ಮಾಸಕ್ಕೆ ಧಾನ್ಯದ ಚಿಂತೆಯಿಲ್ಲ. ಕಷ್ಟವಿರುವುದು ಹಿಟ್ಟಿನ ಮರ್ಯಾದೆಯಲ್ಲಿ. ದಿಗಂಬರ ಪರಂಪರೆಯಂತೆ ಹಿಟ್ಟನ್ನು ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ ಮಾತ್ರ ಬಳಸಬಹುದು. ಹೀಗಾಗಿ ದಿನವೂ ರೊಟ್ಟಿ ಬಡಿಯುವ ಮನೆಯವರು ತಿಂಗಳ ಜೋಳವನ್ನು ಒಮ್ಮೆಲೇ ಗಿರಣಿಗೆ ಹಾಕುವಂತಿಲ್ಲ. ಜೋಳವನ್ನು ಹಸನು ಮಾಡಿ, ಒಣಗಿಸಿಟ್ಟು, ಮೂರು ದಿನಕ್ಕೆ ಸಾಲುವಷ್ಟೇ ಬೀಸಿಸಬೇಕು. ಅಂಗಡಿಯ ಪ್ಯಾಕೆಟ್ ಹಿಟ್ಟು ಈ ಲೆಕ್ಕಕ್ಕೇ ಬರುವುದಿಲ್ಲ.

ಸೊಪ್ಪು, ಕಂದಮೂಲ ಬಿಟ್ಟರೂ ಪಲ್ಯಕ್ಕೆ ಹೀರೆ, ಸೋರೆ, ತೊಂಡೆ, ಚವಳಿಕಾಯಿ ಇವೆ. ಈರುಳ್ಳಿ, ಬೆಳ್ಳುಳ್ಳಿಯ ಜಾಗಕ್ಕೆ ಇಂಗು, ಜೀರಿಗೆ, ಶೇಂಗಾಪುಡಿ. ಶೇಂಗಾ ನೆಲದೊಳಗೆ ಬೆಳೆದರೂ ಅದು ಕಾಯಿ, ಗೆಡ್ಡೆಯಲ್ಲ. ಹೆಸರುಕಾಳು ನೆನೆಸಿ ಬೇಯಿಸಿ, ಮೊಳಕೆ ಬರಿಸಬೇಡಿ, ಮೊಳಕೆ ಅನಂತಕಾಯ.

ಹಲವರು ಮರೆಯುವುದು ದ್ವಿದಳದ ನಿಯಮ: ಬೇಳೆಕಾಳಿನ ಜೊತೆ ಮೊಸರು, ಮಜ್ಜಿಗೆ ಕೂಡಬಾರದು. ಮಜ್ಜಿಗೆಹುಳಿಗೆ ಕಡಲೆಬೇಳೆ ರುಬ್ಬಿ ಹಾಕುವುದು ರೂಢಿ. ಬದಲಿಗೆ ನೆನೆಸಿದ ಅಕ್ಕಿ, ಕಾಯಿತುರಿ ರುಬ್ಬಿ ಹಾಕಿ. ಗಟ್ಟಿಯೂ ಆಗುತ್ತದೆ, ರುಚಿಯೂ ಕೆಡದು. ಒಗ್ಗರಣೆಗೂ ಉದ್ದಿನಬೇಳೆ ಬೇಡ, ಜೀರಿಗೆ, ಒಣಮೆಣಸಿನಕಾಯಿ ಸಾಕು. ಬೆಳಿಗ್ಗೆ ಬೇಳೆಸಾರು, ಸಂಜೆ ಮಜ್ಜಿಗೆಯ ಅಡುಗೆ ಎಂದು ಹಂಚಿಕೊಂಡರೆ ತೊಡಕೇ ಇಲ್ಲ.

ಜುಲೈಯಲ್ಲಿ ಇಲ್ಲಿ ಸೂರ್ಯಾಸ್ತ ಸುಮಾರು 6:50ಕ್ಕೆ; ದೀಪಾವಳಿ ಹೊತ್ತಿಗೆ 6 ಗಂಟೆಯ ಆಸುಪಾಸು. ಆದ್ದರಿಂದ ಹೊಲದಿಂದ, ಕೆಲಸದಿಂದ ತಡವಾಗಿ ಬರುವವರಿಗೆ ಸಂಜೆಯ ಊಟವನ್ನೂ ಬುತ್ತಿಯಲ್ಲೇ ಕಟ್ಟಿಕೊಡಿ.