ಕೊಡದಿರುವ ಕೌಶಲ: ಕುದುರೆಗಳ ಸಂತಾನೋತ್ಪತ್ತಿ, ಪ್ರತಿಜೈವಿಕಗಳ ಹೊಣೆಯರಿತ ಬಳಕೆ ಮತ್ತು ಪಶುವೈದ್ಯರ ನಿರಂತರ ಶಿಕ್ಷಣ

ಸಾರಾಂಶ

ಪಶುವೈದ್ಯರ ನಿರಂತರ ಶಿಕ್ಷಣದಲ್ಲಿ ಪ್ರತಿಜೈವಿಕಗಳ ಹೊಣೆಯರಿತ ಬಳಕೆಯನ್ನೂ ಕುದುರೆಗಳ ಸಂತಾನೋತ್ಪತ್ತಿಯನ್ನೂ ಸಾಮಾನ್ಯವಾಗಿ ಎರಡು ಬೇರೆ ಪಾಠಗಳಾಗಿ ಕಲಿಸಲಾಗುತ್ತದೆ. ಎರಡನ್ನೂ ಒಂದೇ ಪಾಠವಾಗಿ ಕಲಿಸಬೇಕೆಂಬುದು ಈ ಲೇಖನದ ವಾದ. ಗಂಡು ಕೊಡಿಸಿದ ನಂತರ ಕಾಣುವ ಗರ್ಭಕೋಶದ ಉರಿಯೂತ, 1977ರಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡ ಸಾಂಕ್ರಾಮಿಕ ಗರ್ಭಕೋಶ ರೋಗ, ಕೆಂಟಕಿಯ ಮರಿಗಳ ರೋಡೊಕಾಕಸ್ ನ್ಯುಮೋನಿಯಾ ಎಂಬ ಮೂರು ಪ್ರಸಂಗಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ರೋಗನಿರ್ಣಯದ ಕೈಕೌಶಲವೂ ಔಷಧ ತಡೆಹಿಡಿಯುವ ವಿವೇಕವೂ ಒಟ್ಟಿಗೆ ಬೆಳೆದಾಗ ಮಾತ್ರ ಪ್ರತಿಜೈವಿಕಗಳ ಬಳಕೆ ಹದಕ್ಕೆ ಬರುತ್ತದೆ ಎಂಬುದು ಈ ಪ್ರಸಂಗಗಳಿಂದ ತಿಳಿಯುತ್ತದೆ. ಅದಕ್ಕೆ ತಕ್ಕ ಶಿಕ್ಷಣಕ್ರಮದ ರೂಪುರೇಷೆಯನ್ನು ಐದನೆಯ ಭಾಗದಲ್ಲಿ ಸೂಚಿಸಲಾಗಿದೆ.

ಪ್ರಮುಖ ಪದಗಳು: ಪ್ರತಿಜೈವಿಕ ಪ್ರತಿರೋಧ, ಹೆಣ್ಣುಗುದುರೆ, ಗರ್ಭಕೋಶದ ಉರಿಯೂತ, ನಿರಂತರ ಪಶುವೈದ್ಯಕೀಯ ಶಿಕ್ಷಣ, ಕುಣಿಗಲ್.

1. ಪೀಠಿಕೆ

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ನೇರವಾಗಿ ಸಾವಿಗೀಡಾದರೆಂದು ‘ಲ್ಯಾನ್ಸೆಟ್’ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜಿಸಿತು. ಈ ಸಂಕಟದಲ್ಲಿ ಪ್ರಾಣಿಗಳ ಪಾಲೆಷ್ಟು ಎಂಬ ಚರ್ಚೆ ಎದ್ದಾಗಲೆಲ್ಲ ಕೋಳಿ, ಹಂದಿ, ಹಾಲು ಕೊಡುವ ಹಸುಗಳ ಮಾತು ಬರುತ್ತದೆ. ಕುದುರೆಯ ಹೆಸರು ಅಲ್ಲಿ ಅಪರೂಪ. ನಮ್ಮಲ್ಲಿ ಕುದುರೆಯ ಮಾಂಸವನ್ನಾಗಲಿ ಹಾಲನ್ನಾಗಲಿ ತಿನ್ನುವ ಉಣ್ಣುವ ರೂಢಿಯಿಲ್ಲ. ಔಷಧದ ಉಳಿಕೆ ಊಟದ ತಟ್ಟೆಗೆ ಬಂದೀತೆಂಬ ಅಂಜಿಕೆ ಇಲ್ಲದಿರುವುದರಿಂದ ಕೈಯೂ ಸಡಿಲವಾಗುತ್ತದೆ.

ಈ ಸಡಿಲಿಕೆಗೆ ಆಧಾರವಿಲ್ಲ. ಕುದುರೆಗೆ ಕೊಡುವ ಸೆಫ್ಟಿಯೋಫರ್, ಮನುಷ್ಯರ ಆಸ್ಪತ್ರೆಗಳಲ್ಲಿ ಬಳಸುವ ಮೂರನೇ ಪೀಳಿಗೆಯ ಸೆಫಲೊಸ್ಪೊರಿನ್‌ಗಳ ಬಳಗಕ್ಕೆ ಸೇರಿದ್ದು. ಮರಿಗಳ ನ್ಯುಮೋನಿಯಾಕ್ಕೆ ಕೊಡುವ ರಿಫಾಂಪಿಸಿನ್ ಕ್ಷಯರೋಗಿಗಳ ಜೀವ ಉಳಿಸುವ ಔಷಧ. ಕುದುರೆಯ ಮೈ ತಿಕ್ಕುವ, ಲದ್ದಿ ಬಳಿಯುವ, ಲಾಯದಲ್ಲೇ ಮಲಗುವ ಕುದುರೆಯಾಳಿನ ಕೈಗೂ ಮೂಗಿಗೂ ಅದೇ ಬ್ಯಾಕ್ಟೀರಿಯಾ ದಾಟುತ್ತದೆ.

ಕುದುರೆಯ ಶರೀರರಚನೆಯೇ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಅದರ ಮೇವು ಅರಗುವುದು ಹಿಂಗರುಳಿನ ಸೂಕ್ಷ್ಮಜೀವಿಗಳ ದುಡಿಮೆಯಿಂದ. ಪ್ರತಿಜೈವಿಕ ಆ ಸಮತೋಲವನ್ನು ಕದಡಿದರೆ ಮಾರಕ ಭೇದಿ ಶುರುವಾಗಬಹುದು. ಲಿಂಕೋಮೈಸಿನ್ ಕುದುರೆಗೆ ನಿಷಿದ್ಧವಾಗಿರುವುದು ಇದರಿಂದಲೇ. ಸ್ವೀಡನ್ನಿನ ಸಂಶೋಧಕರು 1998ರಲ್ಲಿ ವರದಿ ಮಾಡಿದ ಸಂಗತಿ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಎರಿತ್ರೊಮೈಸಿನ್ ಮತ್ತು ರಿಫಾಂಪಿಸಿನ್ ಕೊಟ್ಟದ್ದು ಮರಿಗಳಿಗೆ. ಕ್ಲಾಸ್ಟ್ರಿಡಿಯಂ ಡಿಫಿಸೈಲ್‌ನಿಂದ ಕರುಳಿನ ಉರಿಯೂತಕ್ಕೆ ತುತ್ತಾದದ್ದು ತಾಯಂದಿರು. ಒಂದು ಪ್ರಾಣಿಗೆ ಕೊಟ್ಟ ಔಷಧ ಅದೇ ಪ್ರಾಣಿಯಲ್ಲಿ ನಿಲ್ಲುವುದಿಲ್ಲ.

2. ಗರ್ಭಕೋಶದ ಪಾಠ

ಒಂದು ಪ್ರಕರಣವನ್ನು ಪಾಠಕ್ಕೆಂದು ಕಲ್ಪಿಸಿಕೊಳ್ಳೋಣ. ಹದಿನಾರು ವರ್ಷದ ಹೆಣ್ಣುಗುದುರೆ, ಆರೇಳು ಮರಿ ಹಾಕಿದೆ. ಈ ಋತುವಿನಲ್ಲಿ ಎರಡು ಬಾರಿ ಗಂಡು ಕೊಡಿಸಿದರೂ ಗಬ್ಬ ಕಟ್ಟಿಲ್ಲ. ನಿನ್ನೆ ಮೂರನೆಯ ಬಾರಿ ಕೊಡಿಸಿದ್ದಾರೆ. ಇಂದು ಸ್ಕ್ಯಾನ್ ಮಾಡಿದರೆ ಗರ್ಭಕೋಶದಲ್ಲಿ ಎರಡು ಸೆಂಟಿಮೀಟರಿಗಿಂತ ಆಳವಾಗಿ ದ್ರವ ನಿಂತಿದೆ. ಮಾಲೀಕರು ಪಕ್ಕದಲ್ಲೇ ನಿಂತು, “ಡಾಕ್ಟ್ರೇ, ಒಳಗೆ ನಂಜಾಗಿರ್ಬೇಕು, ಒಳ್ಳೆ ಪವರ್ ಇರೋದು ಏನಾದ್ರೂ ಹಾಕ್ಬಿಡಿ” ಎನ್ನುತ್ತಾರೆ.

ವೈದ್ಯರ ಮುಂದೆ ಈಗ ಎರಡು ದಾರಿಗಳಿವೆ. ಒಂದು, ಚೀಲದಲ್ಲಿರುವ ಜೆಂಟಾಮೈಸಿನ್ನನ್ನೋ ಎನ್ರೊಫ್ಲಾಕ್ಸಾಸಿನ್ನನ್ನೋ ಗರ್ಭಕೋಶಕ್ಕೆ ಸುರಿದು ಹೊರಡುವುದು. ಇದಕ್ಕೆ ಹತ್ತು ನಿಮಿಷ ಸಾಕು, ಮಾಲೀಕರಿಗೂ ಸಮಾಧಾನ. ಆದರೆ ಆಮ್ಲಗುಣದ ಜೆಂಟಾಮೈಸಿನ್ನನ್ನು ಸೋಡಿಯಂ ಬೈಕಾರ್ಬೊನೇಟ್ ಸೇರಿಸದೆ ಹಾಕಿದರೆ ಗರ್ಭಕೋಶದ ಒಳಪದರ ಕೆರಳುತ್ತದೆ. ದನಗಳಿಗೆಂದು ತಯಾರಾದ ಎನ್ರೊಫ್ಲಾಕ್ಸಾಸಿನ್ ಇಂಜೆಕ್ಷನ್ನನ್ನು ನೇರವಾಗಿ ಸುರಿದರೆ ಒಳಪದರದಲ್ಲಿ ಹುಣ್ಣಾಗುತ್ತದೆ. ಪದೇಪದೇ ಪ್ರತಿಜೈವಿಕ ಹಾಕಿದ ಗರ್ಭಕೋಶದಲ್ಲಿ ಬ್ಯಾಕ್ಟೀರಿಯಾ ಹೋಗಿ ಶಿಲೀಂಧ್ರ ನೆಲೆಯೂರುವುದೂ ಉಂಟು.

ಎರಡನೆಯ ದಾರಿ ತಿಳಿವಳಿಕೆಯಿಂದ ಶುರುವಾಗುತ್ತದೆ. ವೀರ್ಯ ಒಳಹೊಕ್ಕ ಮೇಲೆ ಗರ್ಭಕೋಶದಲ್ಲಿ ಉರಿಯೂತ ಕಾಣುವುದು ಸಹಜ. ಉಳಿದ ವೀರ್ಯಾಣುಗಳನ್ನೂ ಕಸವನ್ನೂ ಹೊರಹಾಕುವ ಕೆಲಸವೇ ಅದು. ಗಟ್ಟಿಮುಟ್ಟಾದ ಕುದುರೆ ಒಂದೆರಡು ದಿನದಲ್ಲಿ ಅದನ್ನು ತಾನೇ ಮುಗಿಸುತ್ತದೆ. ವಯಸ್ಸಾದ, ಹಲವು ಬಾರಿ ಹೆತ್ತ ಕುದುರೆಯ ಗರ್ಭಕೋಶ ಜೋತುಬಿದ್ದಿರುತ್ತದೆ, ಸಂಕೋಚನ ಸೊರಗಿರುತ್ತದೆ, ದ್ರವ ಅಲ್ಲೇ ನಿಲ್ಲುತ್ತದೆ. ಅಂದರೆ ಮೊದಲ ತೊಡಕು ಬಸಿಯುವಿಕೆಯದು, ಸೋಂಕು ಅದರ ಬೆನ್ನಿಗೆ ಬರುತ್ತದೆ. ಬಸಿಯದ ಗದ್ದೆಗೆ ಗೊಬ್ಬರ ಸುರಿದು ಫಲವಿಲ್ಲ. ಮೊದಲು ಬಸಿಗಾಲುವೆ ತೆಗೆಯಬೇಕು.

ಹಾಗಾಗಿ ವೈದ್ಯರು ಹೊದಿಕೆಯುಳ್ಳ ಸ್ವಾಬ್‌ನಿಂದ ಗರ್ಭಕೋಶದೊಳಗಿನ ಮಾದರಿ ತೆಗೆದು ಗಾಜಿನ ಪಟ್ಟಿಯ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಗಾಳಿಯಲ್ಲಿ ಒಣಗಿಸಿ, ಮೂರು ಡಬ್ಬಿಗಳ ಬಣ್ಣದಲ್ಲಿ ಕೆಲವೇ ಸೆಕೆಂಡು ಅದ್ದಿ, ತೊಳೆದು, ಸೂಕ್ಷ್ಮದರ್ಶಕದಡಿ 400 ಪಟ್ಟು ಹಿಗ್ಗಿಸಿ ನೋಡುತ್ತಾರೆ. ನೇರಳೆ ಬಣ್ಣದ ಗರ್ಭಕೋಶದ ಜೀವಕೋಶಗಳ ನಡುವೆ ತುಂಡುತುಂಡಾದ ನ್ಯೂಕ್ಲಿಯಸ್ಸಿನ ನ್ಯೂಟ್ರೊಫಿಲ್‌ಗಳು ಒಂದು ದೃಷ್ಟಿಕ್ಷೇತ್ರಕ್ಕೆ ಸರಾಸರಿ ಎರಡಕ್ಕಿಂತ ಹೆಚ್ಚಿದ್ದರೆ ಉರಿಯೂತವಿದೆ ಎಂದು ತಿಳಿಯುತ್ತದೆ. ಗಂಡು ಕೊಡಿಸಿದ ಮರುದಿನ ಅವು ಕಾಣುವುದು ನಿರೀಕ್ಷಿತವೇ. ಬ್ಯಾಕ್ಟೀರಿಯಾ ಇದೆಯೇ, ಮುಂದಿನ ಬೆದೆಗೂ ಉರಿಯೂತ ಉಳಿದಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಇನ್ನೊಂದು ಸ್ವಾಬ್ ಕೃಷಿ ಪರೀಕ್ಷೆಗೆ ಹೋಗುತ್ತದೆ. ಸ್ಟ್ರೆಪ್ಟೊಕಾಕಸ್ ಜೂಎಪಿಡೆಮಿಕಸ್, ಇ. ಕೊಲೈ, ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲ ಇವುಗಳಲ್ಲಿ ಯಾವುದು ಬೆಳೆಯಿತೆಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ.

ವರದಿ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬೆಚ್ಚಗಿನ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣವನ್ನು ಒಂದು ಲೀಟರಿನಂತೆ ದಪ್ಪ ಕೊಳವೆಯಲ್ಲಿ ಒಳಬಿಟ್ಟು, ಪಾರದರ್ಶಕ ಬಾಟಲಿಗೆ ಹಿಂದಕ್ಕೆ ಹರಿಸುತ್ತಾರೆ. ಮೊದಲ ಬಾರಿ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಬರುವ ದ್ರವ ಎರಡು ಮೂರು ಸುತ್ತಿಗೆ ತಿಳಿಯಾಗುತ್ತದೆ. ಅನಂತರ 10ರಿಂದ 20 ಯೂನಿಟ್ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶ ಹಿಂಡಿಕೊಂಡು ಉಳಿದದ್ದನ್ನೂ ಹೊರದಬ್ಬುತ್ತದೆ. ಇಂತಹ ಕುದುರೆಯೆಂದು ಮೊದಲೇ ಗೊತ್ತಿದ್ದರೆ, ಗಂಡು ಕೊಡಿಸಿದ ನಾಲ್ಕಾರು ಗಂಟೆಗಳಲ್ಲೇ ಇದನ್ನು ಮಾಡುವುದು ಲೇಸು. ಬಾಟಲಿಯಲ್ಲಿ ತಿಳಿಯಾಗುವ ನೀರನ್ನು ಕಣ್ಣಾರೆ ಕಂಡ ಮಾಲೀಕರಿಗೆ “ಇಂದು ಔಷಧ ಬೇಡ” ಎಂದು ಹೇಳುವುದು ಎಷ್ಟೋ ಸುಲಭ.

ಸೋಂಕಿನ ಬಾಗಿಲನ್ನೇ ಮುಚ್ಚುವ ವಿಧಾನಗಳೂ ಇವೆ. ಯೋನಿದ್ವಾರ ಓರೆಯಾಗಿ ಗಾಳಿಯನ್ನೂ ಲದ್ದಿಯನ್ನೂ ಒಳಗೆಳೆಯುವ ಕುದುರೆಗಳಿಗೆ ಕ್ಯಾಸ್ಲಿಕ್ ಎಂಬ ಪಶುವೈದ್ಯ 1937ರಲ್ಲಿ ವಿವರಿಸಿದ ಹೊಲಿಗೆ ಇಂದಿಗೂ ಬಳಕೆಯಲ್ಲಿದೆ. ಥರೋಬ್ರೆಡ್ ತಳಿಯ ನೋಂದಣಿಗೆ ಕೃತಕ ಗರ್ಭಧಾರಣೆ ಒಪ್ಪಿತವಲ್ಲ, ಸಹಜ ಕೂಡಿಕೆಯೇ ಆಗಬೇಕು. ಪ್ರತಿ ಕೂಡಿಕೆಯೂ ಒಂದಿಷ್ಟು ಕೊಳೆಯನ್ನು ಒಳಗೆ ತರುತ್ತದೆ. ಸ್ಕ್ಯಾನ್ ಮಾಡಿ ಅಂಡಕೋಶಿಕೆಯ ಬೆಳವಣಿಗೆ ನೋಡುತ್ತ, ಅದು 35 ಮಿಲಿಮೀಟರ್ ದಾಟಿದಾಗ ಹಾರ್ಮೋನು ಕೊಟ್ಟು, ಅಂಡ ಬಿಡುಗಡೆಯ ಹೊತ್ತನ್ನು ಲೆಕ್ಕಹಾಕಿ, ಒಂದು ಬೆದೆಗೆ ಒಂದೇ ಬಾರಿ ಗಂಡು ಕೊಡಿಸಿದರೆ ಸೋಂಕಿನ ಅವಕಾಶವೂ ಅಷ್ಟು ಕಡಿಮೆ. ಸಂತಾನೋತ್ಪತ್ತಿಯ ಕೌಶಲ ಪ್ರತಿಜೈವಿಕವನ್ನು ಉಳಿಸುವುದು ಹೀಗೆ.

3. ನ್ಯೂಮಾರ್ಕೆಟ್, 1977

1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಗಂಡು ಕೊಡಿಸಿದ ಕೆಲವೇ ದಿನಗಳಲ್ಲಿ ಹೆಣ್ಣುಗುದುರೆಗಳಿಗೆ ಧಾರಾಳವಾಗಿ ಸ್ರಾವ ಕಾಣಿಸಿಕೊಂಡಿತು, ಗಬ್ಬ ನಿಲ್ಲಲಿಲ್ಲ. ರೋಗ ಹರಡುತ್ತಿದ್ದ ಗಂಡುಗುದುರೆಗಳಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಕಾರಣವಾದ ಬ್ಯಾಕ್ಟೀರಿಯಾಕ್ಕೆ ಮುಂದೆ ಟೇಲೊರೆಲ್ಲ ಇಕ್ವಿಜೆನಿಟಾಲಿಸ್ ಎಂಬ ಹೆಸರು ಬಂತು. ಅದು ಎಲ್ಲ ಮಾಧ್ಯಮಗಳಲ್ಲೂ ಬೆಳೆಯುವಂಥದ್ದಲ್ಲ. ಅದಕ್ಕೆ ಚಾಕೊಲೇಟ್ ಅಗಾರ್ ಬೇಕು, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿ ಬೇಕು, ಕೆಲವು ದಿನಗಳ ತಾಳ್ಮೆಯೂ ಬೇಕು. 1978ರಲ್ಲಿ ಅದು ಅಮೆರಿಕದ ಕೆಂಟಕಿಯಲ್ಲೂ ಕಾಣಿಸಿಕೊಂಡಿತು.

ಈ ರೋಗದ ಹತೋಟಿಯ ಕಥೆಯಲ್ಲಿ ಹೆಚ್ಚಿನ ಪಾತ್ರ ಸ್ವಾಬ್‌ನದು. ಬ್ರಿಟನ್ನಿನ ರೇಸ್ ಬೆಟಿಂಗ್ ಲೆವಿ ಮಂಡಳಿ 1978ರಿಂದ ಪ್ರಕಟಿಸುತ್ತ ಬಂದ ಆಚರಣಾಸಂಹಿತೆ, ಋತುವಿಗೆ ಮುಂಚೆ ಯಾವ ಕುದುರೆಯ ಯಾವ ಭಾಗದಿಂದ ಮಾದರಿ ತೆಗೆಯಬೇಕು, ಸೋಂಕು ಕಂಡರೆ ಕೂಡಿಕೆಯನ್ನು ಹೇಗೆ ನಿಲ್ಲಿಸಬೇಕು ಎಂಬುದನ್ನು ಕಟ್ಟುನಿಟ್ಟಾಗಿ ಹೇಳಿತು. ಇದ್ದಿಲು ಬೆರೆಸಿದ ಮಾಧ್ಯಮದಲ್ಲಿಟ್ಟ ಸ್ವಾಬ್ 48 ಗಂಟೆಗಳೊಳಗೆ ಪ್ರಯೋಗಾಲಯ ತಲುಪಬೇಕು. ಸೋಂಕಿತ ಗಂಡುಗುದುರೆಯ ಚಿಕಿತ್ಸೆಯಲ್ಲಿ ಕ್ಲೋರ್‌ಹೆಕ್ಸಿಡಿನ್‌ನಿಂದ ದಿನವೂ ತೊಳೆದು ಮುಲಾಮು ಹಚ್ಚುವುದೇ ಮುಖ್ಯ. ಒಂದು ಊರಿನ ಕಷ್ಟದಿಂದ ಹುಟ್ಟಿದ ಅರಿವು ಬರಹಕ್ಕಿಳಿದು, ಪರಿಷ್ಕಾರಗೊಳ್ಳುತ್ತ, ಕೆಲಸ ಮಾಡುವ ವೈದ್ಯರ ಕೈಗೆ ಮರಳುವುದು ನಿರಂತರ ಶಿಕ್ಷಣದ ಒಳ್ಳೆಯ ಮಾದರಿ.

4. ಕೆಂಟಕಿಯ ಮರಿಗಳು

ರೋಗನಿರ್ಣಯ ಚೆನ್ನಾದರೆ ಔಷಧ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಇಷ್ಟರಿಂದಲೇ ತೀರ್ಮಾನಿಸಿದರೆ ತಪ್ಪಾದೀತು. ರೋಡೊಕಾಕಸ್ ಇಕ್ವಿ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಮರಿಗಳು ಹುಟ್ಟಿದ ಮೊದಲ ವಾರಗಳಲ್ಲಿ ಧೂಳಿನೊಡನೆ ಅದನ್ನು ಉಸಿರಾಡುತ್ತವೆ, ಕೆಲವಕ್ಕೆ ಶ್ವಾಸಕೋಶದಲ್ಲಿ ಕೀವುಗಡ್ಡೆಗಳಾಗುತ್ತವೆ. ಈ ಶತಮಾನದ ಆರಂಭದಲ್ಲಿ ಕೆಂಟಕಿಯ ಫಾರಂಗಳಲ್ಲಿ ಮರಿ ಕೆಮ್ಮುವ ಮೊದಲೇ ಎದೆಯನ್ನು ಸ್ಕ್ಯಾನ್ ಮಾಡಿ, ಗಡ್ಡೆ ಕಂಡ ಮರಿಗಳಿಗೆ ಮ್ಯಾಕ್ರೊಲೈಡ್ ಮತ್ತು ರಿಫಾಂಪಿಸಿನ್ ಕೊಡುವ ಕ್ರಮ ಹಬ್ಬಿತು. ಮರಿಗಳನ್ನು ಉಳಿಸಬೇಕೆಂಬ ಕಾಳಜಿಯೇ ಅದರ ಹಿಂದಿತ್ತು. ಫಲವಾಗಿ ಎರಡೂ ಔಷಧಗಳಿಗೆ ಬಗ್ಗದ ತಳಿಗಳು ಹೆಚ್ಚಿದವು. ಪ್ರತಿರೋಧ ತರುವ ಇಆರ್‌ಎಂ-46 ಎಂಬ ಹೊಸ ವಂಶವಾಹಿ ಪತ್ತೆಯಾಯಿತು, ಪ್ರತಿರೋಧಿ ತಳಿಗಳು ಫಾರಂಗಳ ಮಣ್ಣಿನಲ್ಲೂ ಸಿಕ್ಕವು. ಇತ್ತ ಜರ್ಮನಿಯ ದೊಡ್ಡ ಫಾರಂ ಒಂದರಲ್ಲಿ ನಡೆದ ಪ್ರಯೋಗಗಳಲ್ಲಿ, ಸಣ್ಣ ಗಡ್ಡೆಗಳಿದ್ದ ಹೆಚ್ಚಿನ ಮರಿಗಳು ಪ್ರತಿಜೈವಿಕವಿಲ್ಲದೆಯೇ ಚೇತರಿಸಿಕೊಂಡವು.

ಸ್ಕ್ಯಾನಿಂಗ್ ಯಂತ್ರ ಗರ್ಭಕೋಶದ ಪ್ರಸಂಗದಲ್ಲಿ ಔಷಧವನ್ನು ಉಳಿಸಿತು, ಇಲ್ಲಿ ಅದೇ ಯಂತ್ರ ಔಷಧವನ್ನು ಹೆಚ್ಚಿಸಿತು. ಕಂಡದ್ದಕ್ಕೆಲ್ಲ ಚಿಕಿತ್ಸೆ ಬೇಕೇ, ಕಾದು ನೋಡಬಹುದಾದದ್ದು ಯಾವುದು ಎಂಬ ವಿವೇಚನೆ ಯಂತ್ರದೊಡನೆ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಸಬೇಕು.

5. ನಿಯಮ, ಗಂಟೆಗಳ ಲೆಕ್ಕ ಮತ್ತು ಕಲಿಕೆ

ಯುರೋಪಿನ ಒಕ್ಕೂಟದಲ್ಲಿ 2022ರ ಜನವರಿ 28ರಿಂದ ಜಾರಿಯಲ್ಲಿರುವ ಪಶು ಔಷಧ ಕಾಯಿದೆ, ರೋಗ ಬರುವ ಮುನ್ನವೇ ವಾಡಿಕೆಯಂತೆ ಪ್ರತಿಜೈವಿಕ ಕೊಡುವುದನ್ನು ತಡೆಯುತ್ತದೆ. ಅಲ್ಲಿನ ಔಷಧ ಸಂಸ್ಥೆ ಪ್ರತಿಜೈವಿಕಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಮೂರನೇ ಪೀಳಿಗೆಯ ಸೆಫಲೊಸ್ಪೊರಿನ್‌ಗಳೂ ಫ್ಲೋರೊಕ್ವಿನೊಲೋನ್‌ಗಳೂ ‘ನಿರ್ಬಂಧಿತ’ ವರ್ಗದಲ್ಲಿವೆ. ಸಾಧ್ಯವಿದ್ದಲ್ಲೆಲ್ಲ ಸಂವೇದನಾ ಪರೀಕ್ಷೆಯ ನಂತರವೇ ಅವನ್ನು ಬಳಸಬೇಕು. ಬ್ರಿಟನ್ನಿನ ಅಶ್ವವೈದ್ಯರ ಸಂಘ 2012ರಲ್ಲಿ ಹೊರತಂದ ‘ಪ್ರೊಟೆಕ್ಟ್ ಮೀ’ ಕೈಪಿಡಿ, ಪ್ರತಿ ಚಿಕಿತ್ಸಾಲಯವೂ ತನ್ನದೇ ನೀತಿ ಬರೆದಿಟ್ಟುಕೊಳ್ಳುವಂತೆ ಪ್ರೇರೇಪಿಸಿತು. ಆ ದೇಶದಲ್ಲಿ ಪಶುವೈದ್ಯರು ವರ್ಷಕ್ಕೆ 35 ಗಂಟೆಗಳ ನಿರಂತರ ಶಿಕ್ಷಣ ಪೂರೈಸುವುದು ಕಡ್ಡಾಯ.

ಗಂಟೆಗಳು ತುಂಬಿದ ಮಾತ್ರಕ್ಕೆ ರೂಢಿ ಬದಲಾಗುವುದಿಲ್ಲ. ಮನುಷ್ಯರ ವೈದ್ಯಕೀಯದಲ್ಲಿ ನಿರಂತರ ಶಿಕ್ಷಣದ ಫಲವನ್ನು ಪರಿಶೀಲಿಸಿ 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆ, ಬರೀ ಉಪನ್ಯಾಸ ಕೇಳಿದ್ದರಿಂದ ವೈದ್ಯರ ನಡವಳಿಕೆ ಬದಲಾದ ಪುರಾವೆ ಇಲ್ಲವೆಂದೂ ಚರ್ಚೆ ಮತ್ತು ಅಭ್ಯಾಸವಿದ್ದ ತರಬೇತಿಗಳು ಫಲ ಕೊಡಬಲ್ಲವೆಂದೂ ತೋರಿಸಿತು. ಹಾಗಾಗಿ ಪಶುವೈದ್ಯರ ಶಿಕ್ಷಣಕ್ರಮದಲ್ಲಿ ನಾಲ್ಕು ಅಂಗಗಳಿರಬೇಕು. ಮೊದಲನೆಯದು ಕೈಕೆಲಸ: ಪ್ರತಿಯೊಬ್ಬರೂ ಸ್ಲೈಡ್ ಮಾಡಿ, ಬಣ್ಣ ಹಾಕಿ, ತಾವೇ ಓದಬೇಕು. ಎರಡನೆಯದು ಸ್ವಂತ ದಾಖಲೆಗಳ ಅವಲೋಕನ: ಹಿಂದಿನ ಋತುವಿನ ಇಪ್ಪತ್ತು ಪ್ರಕರಣಗಳನ್ನು ತಂದು, ಎಷ್ಟಕ್ಕೆ ಪರೀಕ್ಷೆಯಿಲ್ಲದೆ ಪ್ರತಿಜೈವಿಕ ಕೊಟ್ಟೆವು ಎಂದು ಸಹೋದ್ಯೋಗಿಗಳೊಡನೆ ಕೂತು ಎಣಿಸಬೇಕು. ಮೂರನೆಯದು ಮಾಲೀಕರೊಡನೆ ಮಾತು: ಬೇಡ ಎನ್ನುವುದನ್ನು ಗೌರವದಿಂದ, ಕಾರಣ ತೋರಿಸಿ ಹೇಳುವ ಅಭ್ಯಾಸ. ನಾಲ್ಕನೆಯದು ಒಂದು ಋತು ಕಳೆದ ಮೇಲೆ ಮತ್ತೆ ಸೇರಿ, ಬದಲಾದದ್ದನ್ನೂ ಬದಲಾಗದ್ದನ್ನೂ ಅಳೆಯುವುದು.

6. ಕರ್ನಾಟಕದ ನೆಲದಲ್ಲಿ

ಕುಣಿಗಲ್ಲಿನ ಕುದುರೆ ಫಾರಂಗೆ ಟಿಪ್ಪು ಸುಲ್ತಾನನ ಅಶ್ವದಳದ ಕಾಲದಿಂದ ಬಂದ ನಂಟಿದೆ. ಬೆಂಗಳೂರಿನ ರೇಸ್ ಕುದುರೆಗಳ ಲೋಕ ಅದಕ್ಕೆ ಹತ್ತಿರದಲ್ಲೇ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ವೈದ್ಯರನ್ನು ತಯಾರು ಮಾಡುತ್ತಿದೆ. ಇಂತಹ ಕೆಲವು ತಾಣಗಳ ಹೊರಗೆ ನಮ್ಮ ಪಶುವೈದ್ಯರಿಗೆ ಕುದುರೆ ಸಿಗುವುದು ಅಪರೂಪ. ದಿನವಿಡೀ ದನ, ಎಮ್ಮೆ, ಕುರಿಗಳ ನಡುವೆ ದುಡಿಯುವವರ ಮುಂದೆ ಒಂದು ದಿನ ಗಾಡಿಯ ಕುದುರೆಯೋ ಮೆರವಣಿಗೆಯ ಕುದುರೆಯೋ ಬಂದು ನಿಂತಾಗ, ದನದ ಅಳತೆಯನ್ನೇ ಅದಕ್ಕೂ ಹಿಡಿಯುವ ಅಪಾಯವಿದೆ.

ಹಾಗೆಂದು ಈ ಶಿಕ್ಷಣ ಕುದುರೆ ಫಾರಂಗಳಿಗಷ್ಟೇ ಎಂದು ತಿಳಿಯಬೇಕಿಲ್ಲ. ಪದೇಪದೇ ಬೆದೆಗೆ ಬರುವ, ಗಬ್ಬ ನಿಲ್ಲದ ಹಸುವಿನ ಗರ್ಭಕೋಶಕ್ಕೆ ಪರೀಕ್ಷೆಯಿಲ್ಲದೆ ಪ್ರತಿಜೈವಿಕ ಏರಿಸುವ ರೂಢಿಯೂ ಇದೇ ಬೇರಿನದು. ಔಷಧಗಳು, ಅಳತೆಗಳು ಬೇರೆಯಾದರೂ, ಮೊದಲು ನೋಡು, ಆಮೇಲೆ ನಿರ್ಧರಿಸು ಎಂಬ ಶಿಸ್ತು ಎರಡಕ್ಕೂ ಒಂದೇ. ಭಾರತದ ಪ್ರತಿಜೈವಿಕ ಪ್ರತಿರೋಧ ಕುರಿತ ರಾಷ್ಟ್ರೀಯ ಕ್ರಿಯಾಯೋಜನೆ 2017ರಲ್ಲಿ ಬಂತು, 2019ರಲ್ಲಿ ಆಹಾರಪ್ರಾಣಿಗಳಲ್ಲಿ ಕೊಲಿಸ್ಟಿನ್ ನಿಷೇಧವಾಯಿತು. ಇಂತಹ ನಿಯಮಗಳು ಹಟ್ಟಿಯವರೆಗೂ ಲಾಯದವರೆಗೂ ತಲುಪಬೇಕಾದರೆ ತಾಲ್ಲೂಕು ಮಟ್ಟದಲ್ಲಿ ಸೂಕ್ಷ್ಮದರ್ಶಕ, ಬಣ್ಣ, ಸ್ವಾಬ್ ಮತ್ತು ಬೇಗ ವರದಿ ಕೊಡುವ ಪ್ರಯೋಗಾಲಯ ಬೇಕು.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಮರಿ ಹಾಕಿ ಮೂರು ಗಂಟೆಯಾದರೂ ಕಸ ಬೀಳದಿದ್ದರೆ ವೈದ್ಯರನ್ನು ಕರೆಯಬೇಕು, ಹುಟ್ಟಿದ ಮರಿ ಮೊದಲ ಗಂಟೆಗಳಲ್ಲೇ ಗಿಣ್ಣುಹಾಲು ಕುಡಿಯಬೇಕು ಎಂಬ ಎರಡು ತಿಳಿವಳಿಕೆಗಳು ಎಷ್ಟೋ ಸೋಂಕುಗಳನ್ನು ತಪ್ಪಿಸುತ್ತವೆ. ಇವನ್ನು ತಿಳಿದಿರಬೇಕಾದವರು ರಾತ್ರಿಯಿಡೀ ಲಾಯ ಕಾಯುವ ಆಳುಗಳು. ಕೀರ್ತಿವರ್ಮನ ‘ಗೋವೈದ್ಯ’ವನ್ನೂ ಅಭಿನವಚಂದ್ರನ ‘ಅಶ್ವವೈದ್ಯ’ವನ್ನೂ ಶತಮಾನಗಳ ಹಿಂದೆಯೇ ಪಡೆದ ಭಾಷೆ ನಮ್ಮದು. ಇಂದಿನ ಅಶ್ವವೈದ್ಯದ ಕೈಪಿಡಿಗಳೂ ಕನ್ನಡದಲ್ಲಿ ಬರಬೇಕು.

7. ಸಮಾರೋಪ

ಮೂರು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದಾಗ ನಿರಂತರ ಶಿಕ್ಷಣದ ಗುರಿ ಸ್ಪಷ್ಟವಾಗುತ್ತದೆ. ಗರ್ಭಕೋಶದ ಉರಿಯೂತ ಕಾರಣ ಹುಡುಕುವುದನ್ನು ಕಲಿಸುತ್ತದೆ, ನ್ಯೂಮಾರ್ಕೆಟ್ ಅರಿವನ್ನು ಸಮುದಾಯದ ಆಚರಣೆಯಾಗಿಸುವುದನ್ನು ಕಲಿಸುತ್ತದೆ, ಕೆಂಟಕಿ ಕಂಡ ಮೇಲೂ ಕಾಯುವುದನ್ನು ಕಲಿಸುತ್ತದೆ. ಪ್ರತಿಜೈವಿಕ ಬೇಕಾದ ಪ್ರಸಂಗಗಳು ಉಂಟು. ಜರಾಯುವಿಗೆ ಸೋಂಕು ತಗಲಿದ ಗಬ್ಬದ ಕುದುರೆಗೆ, ರಕ್ತಕ್ಕೆ ನಂಜೇರಿದ ಎಳೆಮರಿಗೆ ತಡಮಾಡದೆ ಕೊಡಲೇಬೇಕು. ಅಂತಹ ರಾತ್ರಿಯಲ್ಲಿ ಔಷಧ ಕೆಲಸ ಮಾಡಬೇಕೆಂದರೆ, ತೊಳೆದರೆ ಸಾಕಾಗುವ ಹದಿನಾರರ ಹೆಣ್ಣುಗುದುರೆಯ ಮುಂದೆ ವೈದ್ಯರು ಸಿರಿಂಜನ್ನು ಚೀಲದಲ್ಲೇ ಇಟ್ಟು ಸ್ಲೈಡನ್ನು ಕೈಗೆತ್ತಿಕೊಳ್ಳಬೇಕು.