ತಲೆಕಟ್ಟಿನ ನಂಬರ್ 192

ಇವತ್ತಿನ ಕಥೆ ಒಂದು ತಲೆಕಟ್ಟಿನದು. 'ಕ' ನೆತ್ತಿ ಮೇಲೆ ಕೂತಿರೋ ಆ ಚಿಕ್ಕ ಗೀಟು ಇದೆಯಲ್ಲ, ಅದೇ.

ನಮ್ಮ ತ್ಯಾಗರಾಜನಗರದ ಕಡೆ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡಿಸಿದವರು ನೋಡಿರ್ತೀರಿ: ಆ ಫೈಲಿನ ಕನ್ನಡವನ್ನ ವಾಟ್ಸ್ಯಾಪ್‌ಗೆ ಹಾಕಿದ್ರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಕಾರಣ ಹಳೇದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದ್ರೆ ಆಗಿನ ವಿಂಡೋಸ್‌ಗೆ ನಮ್ಮ ಒತ್ತಕ್ಷರ ಜೋಡಿಸೋಕೆ ಬರ್ತಿರಲಿಲ್ಲ. ಹಾಗಾಗಿ 1998ರಲ್ಲಿ ಶೇಷಾದ್ರಿವಾಸು ಅವರು ತಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಎರಡೂ ಒಂದು ಉಪಾಯ ಹಿಡಿದವು. ಯುರೋಪಿನ ಅಕ್ಷರಗಳ ನಂಬರ್ ಮೇಲೆ ಕನ್ನಡದ ತುಂಡುಗಳನ್ನ ಕೂರಿಸೋದು. ನುಡಿಯಲ್ಲಿ ತಲೆಕಟ್ಟಿಗೆ ಸಿಕ್ಕಿದ್ದು 192. ಇದಕ್ಕೆ ಮೂಗು ಮುರಿಯೋರಿದ್ದಾರೆ, ನಾನು ಆ ಪೈಕಿ ಅಲ್ಲ. ಎಷ್ಟೊಂದು ಪುಸ್ತಕ, ಸರ್ಕಾರಿ ಆದೇಶ ಇದರಲ್ಲೇ ಟೈಪ್ ಆಗಿವೆ.

ಅತ್ತ 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಸೇರಿ ಯುಟಿಎಫ್-8 ರೂಪಿಸಿದ್ರು. ಇವತ್ತು ನಿಮ್ಮ ಫೋನ್ ಕಳಿಸೋದು ಅದನ್ನೇ. ಇದರಲ್ಲಿ 'ಕ' ಅಂದ್ರೆ ಮೂರು ಬೈಟ್: 224, 178, 149. ಸಮಸ್ಯೆ ಏನಪ್ಪಾ ಅಂದ್ರೆ, ಒಂದೇ ಅಕ್ಷರವನ್ನ ಬೇಕಂತಲೇ ಉದ್ದ ಮಾಡಿಯೂ ಬರೀಬಹುದಿತ್ತು. 192, 175 ಅಂತ ಬರೆದ್ರೆ ಕೆಲವು ಸರ್ವರ್‌ಗಳು ಅದನ್ನ ಓರೆಗೆರೆ, ಅಂದ್ರೆ ಸ್ಲ್ಯಾಶ್, ಅಂತ ಓದ್ತಿದ್ವು. 2000ದಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್ ಸಿಕ್ಕಿಬಿದ್ದಿದ್ದು ಇಲ್ಲೇ. ಅದು ಮೊದಲು ವಿಳಾಸ ತಪಾಸಣೆ ಮಾಡ್ತಿತ್ತು, ಆಮೇಲೆ ಬೈಟ್ ಬಿಡಿಸಿ ಓದ್ತಿತ್ತು. ಬಿಕಾಂನಲ್ಲಿ ನಮಗೆ ವೌಚಿಂಗ್ ಕಲಿಸಿದ್ರು: ರಸೀದಿ ಪೂರ್ತಿ ಓದಿ ಆಮೇಲೆ ಸಹಿ ಹಾಕು ಅಂತ. ಇಲ್ಲಿ ಉಲ್ಟಾ. ಮಾರನೇ ವರ್ಷ ನಿಮ್ಡಾ ಅನ್ನೋ ವರ್ಮ್ ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. 2003ರ ನಿಯಮ ಖಡಾಖಂಡಿತ ಹೇಳಿತು: ಯುಟಿಎಫ್-8ರಲ್ಲಿ 192 ಬರೋ ಹಾಗೇ ಇಲ್ಲ.

ಈಗ ನುಡಿ ಫೈಲನ್ನ ಇದ್ದ ಹಾಗೇ ಕಳಿಸಿ ನೋಡಿ. ಕಟ್ಟುನಿಟ್ಟಿನ ಸರ್ವರ್ ಮೊದಲ ತಲೆಕಟ್ಟಲ್ಲೇ ತಡೆದು ವಾಪಸ್ ಕಳಿಸುತ್ತೆ. ಕಳ್ಳ ಬಂದ ದಾರೀಲಿ ನಮ್ಮ ಪಾಪದ ಗೀಟು!

ನನ್ನ ಕೇಳಿದ್ರೆ ಹೀಗೆ ಸಿಕ್ಕಿಬೀಳೋದೇ ಮೇಲು. ಯಾಕಂದ್ರೆ ಅದೇ ಪಠ್ಯವನ್ನ ಕಾಪಿ ಮಾಡಿ ಬ್ರೌಸರ್‌ನಲ್ಲಿ ಹಾಕಿದ್ರೆ 192 ಹೋಗಿ 195, 128 ಆಗುತ್ತೆ. ನಿಯಮಬದ್ಧ ಯುಟಿಎಫ್-8, ಸರ್ವರ್ ಒಳಗೆ ಬಿಡುತ್ತೆ. ಆದ್ರೆ ಅದು ತಲೆ ಮೇಲೆ ಗೀರಿರೋ ಯುರೋಪಿನ 'ಎ', ಕನ್ನಡ ಅಲ್ಲ. ಆ ಆದೇಶ ನೆಟ್‌ನಲ್ಲೇ ಇರುತ್ತೆ, ಅದರಲ್ಲಿರೋ ನಿಮ್ಮ ಊರಿನ ಹೆಸರು ಹುಡುಕಿದ್ರೆ ಮಾತ್ರ ಸಿಗಲ್ಲ.

ಮನೇಲಿ ಹಳೇ ನುಡಿ ಫೈಲ್ ಇದ್ರೆ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ, ಆಮೇಲೆ ಅರ್ಕಾವತ್ತುಗಳನ್ನ ಒಂದೊಂದಾಗಿ ಕಣ್ಣಲ್ಲಿ ನೋಡಿ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ಮೊದಲು. ಎಡವಟ್ಟಾಗೋದು ಅಲ್ಲೇ.