ಟೊಳ್ಳು, ಗಟ್ಟಿ ಮತ್ತು ಗಂಡುಮಗ

ಗಂಡುಮಗನ ಯೋಗ್ಯತೆಯನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತ ಬಂದಿದ್ದೇವೆ? 1891ರಲ್ಲಿ ಮೈಸೂರು ಸಂಸ್ಥಾನವು ಸಿವಿಲ್ ಸರ್ವೀಸ್ ಪರೀಕ್ಷೆಯನ್ನು ಏರ್ಪಡಿಸಿದ ತರುವಾಯ ಇಂಗ್ಲಿಷ್ ವಿದ್ಯೆಯೂ ಅಧಿಕಾರವೂ ಮತ್ತಷ್ಟು ಹೆಣೆದುಕೊಂಡವು. 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿಯಂಥ ಬಡಾವಣೆಗಳ ನೌಕರವರ್ಗದಲ್ಲಿ, ತೇರ್ಗಡೆಯಾದವನೇ ಕುಲೋದ್ಧಾರಕನೆಂಬ ಭಾವನೆ ಬೇರೂರಿತು.

1946ರಲ್ಲಿ ಬೆಂಗಳೂರಿನಲ್ಲಿ ಕಾಲವಾದ ಟಿ. ಪಿ. ಕೈಲಾಸಂ ಅವರು ‘ಟೊಳ್ಳುಗಟ್ಟಿ’ ನಾಟಕದಲ್ಲಿ ಈ ಭಾವನೆಯನ್ನೇ ಪ್ರಶ್ನಿಸಿದರು. ಅದರಲ್ಲಿ ಪುಟ್ಟು ಓದಿನಲ್ಲಿ ಮುಂದು, ಮಾಧು ಹಿಂದು. ಆದರೆ ಮನೆಯವರ ಕಷ್ಟಕ್ಕೆ ಒದಗುವವನು ಮಾಧುವೇ. ಶುಶ್ರೂಷೆ, ಮನೆವಾರ್ತೆಗಳು ಹೆಂಗಸರ ಪಾಲೆಂದು ಬಗೆದಿದ್ದ ಸಮಾಜಕ್ಕೆ, ಅನುಕಂಪವೂ ಪುರುಷಲಕ್ಷಣವೆಂದು ನಾಟಕಕಾರರು ನಗಿಸುತ್ತಲೇ ತಿಳಿಸಿದರು.

ಶ್ರೋತೃಗಳೇ, ಇಂದು ಜಯನಗರ, ಬನಶಂಕರಿಗಳ ಮನೆಗಳಲ್ಲಿಯೂ ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವಾಗ ನಾವು ಮಾಧುವನ್ನು ನೆನೆಯುವುದು ಉಚಿತ.